ಬಟ್ಟಲಿನ ತಳ

ಏಳನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. ಭಾನುವಾರ ಮ್ಯೂಸಿಯಂಗೆ ಬರುವ ಕುಟುಂಬಗಳ ಪಟ್ಟಿಯನ್ನು ಅವಳು ಕನ್ನಡಕ ಹಾಕಿಕೊಂಡರೂ ಬೆರಳಿಟ್ಟೇ ಓದುವುದು. ಇಪ್ಪತ್ತೆರಡು ವರ್ಷದ ಅಭ್ಯಾಸ. ಹನ್ನೆರಡು ಮನೆಯವರು, ಹತ್ತೊಂಬತ್ತು ಮಕ್ಕಳು, ಒಂದು ಗಾಲಿಕುರ್ಚಿ, ಒಬ್ಬನಿಗೆ ಅಂಟು ಮುಟ್ಟಿದರೆ ತುರಿಕೆ. ಏಳನೆಯ ಸಾಲಿನಲ್ಲಿ ದೊಡ್ಡವರು ಒಬ್ಬರು, ಹೆಣ್ಣುಮಗು ಒಂದು, ವಯಸ್ಸು ಒಂಬತ್ತು ಎಂದಿತ್ತು. ಪಕ್ಕದ ಖಾನೆಯಲ್ಲಿ ಸಾಮಾನ್ಯವಾಗಿ ಜನ ಏನೂ ಬರೆಯುವುದಿಲ್ಲ. ಬರೆದರೂ ಗಾಡಿ ನಿಲ್ಲಿಸುವುದೆಲ್ಲಿ ಎಂದು ಕೇಳಿರುತ್ತಾರೆ. ಇಲ್ಲಿ ಯಾರೋ ಹಳೆಯ ಕಾಲದವರು ಕಾಗದ ಬರೆಯುವ ಹಾಗೆ, ಎಲ್ಲ ವಾಕ್ಯಗಳಿಗೂ ಪೂರ್ಣವಿರಾಮ ಹಾಕಿ ಬರೆದಿದ್ದರು. 'ಐದು ತಿಂಗಳ ಹಿಂದೆ ನನ್ನ ಹೆಂಡತಿಯೂ ಮಗಳೂ ಸೇರಿ ಮಾಡಿದ ಬಟ್ಟಲು ನಿಮ್ಮಲ್ಲಿದೆ. ಎತ್ತಿಟ್ಟಿರುತ್ತೇನೆಂದು ಫೋನಿನಲ್ಲಿ ಹೇಳಿದ್ದಿರಿ. ನನ್ನ ಹೆಂಡತಿ ಈಗಿಲ್ಲ. ಈ ಭಾನುವಾರ ಬಂದು ಬಟ್ಟಲನ್ನು ತೆಗೆದುಕೊಂಡು ಹೋಗುತ್ತೇವೆ. ನಿಮಗೆ ನಮಸ್ಕಾರ.' ಆ ಕೊನೆಯ ಎರಡು ಪದಗಳನ್ನು ಅವಳು ಮತ್ತೊಮ್ಮೆ ಓದಿದಳು. ಪಟ್ಟಿಯನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬಾಗಿಲು ತೆರೆಯಲು ಇನ್ನೂ ಎರಡು ಗಂಟೆ ಇತ್ತು.

ಆ ಬಟ್ಟಲು ಇರಲಿಲ್ಲ. ಎಲ್ಲಿ ಹೋಯಿತು ಎಂದು ಹುಡುಕುವ ಪ್ರಶ್ನೆಯೂ ಇರಲಿಲ್ಲ, ಏಕೆಂದರೆ ಹೋದದ್ದು ಅವಳ ಕೈಯಿಂದಲೇ. ಮ್ಯೂಸಿಯಂನ ನೆಲಮಾಳಿಗೆಯ ಈ ಕೋಣೆಯಲ್ಲಿ ಮಕ್ಕಳು ಜೇಡಿಮಣ್ಣಿನಲ್ಲಿ ಮಾಡಿದ್ದನ್ನು ಸುಡುವುದಿಲ್ಲ, ಸುಮ್ಮನೆ ಒಣಗಿಸಿ ಕೊಡುತ್ತಾರೆ. ಅರ್ಧ ಜನ ಅಂದೇ ಹಸಿಹಸಿಯಾಗಿ ಎತ್ತಿಕೊಂಡು ಹೋಗುತ್ತಾರೆ. ಉಳಿದವರು ಮುಂದಿನ ವಾರ ಬರುತ್ತೇವೆಂದು ಹೇಳಿ ಮರೆಯುತ್ತಾರೆ. ಹಿಂದಿನ ಗೋಡೆಯ ಹಲಗೆಯ ಮೇಲೆ ಒಂದು ತಿಂಗಳು ಇಟ್ಟು ನೋಡುವುದು, ಆಮೇಲೆ ಮೂಲೆಯ ನೀಲಿ ಡ್ರಮ್ಮಿನ ನೀರಿಗೆ ಹಾಕುವುದು ಪದ್ಧತಿ. ಸುಡದ ಒಣಮಣ್ಣು ನೀರು ಕಂಡರೆ ನಿಲ್ಲುವುದಿಲ್ಲ. ಚುರ್ ಎಂದು ಸದ್ದು ಮಾಡಿ, ಗುಳ್ಳೆ ಬಿಟ್ಟು, ಆನೆಯಾಗಲಿ ಮನೆಯಾಗಲಿ ಹತ್ತು ನಿಮಿಷದಲ್ಲಿ ಕುಸಿದು ಕೆಸರಾಗುತ್ತದೆ. ಆ ಕೆಸರನ್ನು ಬಟ್ಟೆಯ ಮೇಲೆ ಹರಡಿ, ಗಟ್ಟಿಯಾದಾಗ ನಾದಿ ಮತ್ತೆ ಮಕ್ಕಳ ಕೈಗೆ ಕೊಡುವುದು. ತಿಂಗಳ ಕೊನೆಗೆ ನೀರಿಗೆ ಹಾಕುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾದರೂ ಆ ಚುರ್ ಎನ್ನುವ ಸದ್ದು ಅವಳಿಗೆ ಇಷ್ಟ. ದಿನವಿಡೀ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ 'ಎಷ್ಟು ಚೆನ್ನಾಗಿದೆ' ಎಂದು ಹೇಳಿ ಹೇಳಿ ದವಡೆ ನೋಯುವ ಹೊತ್ತಿಗೆ, ಏನನ್ನೂ ಹೊಗಳಬೇಕಾಗಿಲ್ಲದ ಕೆಲಸ ಅದೊಂದೇ.

ನೋಡದೆ ಹಾಕಿದೆ ಎಂದು ಹೇಳಿಕೊಳ್ಳುವುದಕ್ಕೂ ಆಗದು. ನೋಡಿದ್ದಳು. ಹಲಗೆಯಿಂದ ಎತ್ತಿಕೊಂಡ ಬಟ್ಟಲಿನ ಒಳಗೋಡೆಯಲ್ಲಿ ಒಂದು ದೊಡ್ಡ ಹೆಬ್ಬೆರಳ ಗುರುತು, ಪಕ್ಕದಲ್ಲೇ ಒಂದು ಸಣ್ಣ ಗುರುತು, ಎರಡೂ ಒಂದರ ಕಡೆ ಒಂದು ವಾಲಿಕೊಂಡು ಗುಟ್ಟು ಹೇಳುತ್ತಿರುವಂತೆ ಇದ್ದದ್ದನ್ನು ನೋಡಿ, ಒಳ್ಳೆಯ ಹಿಡಿತ ಎಂದುಕೊಂಡು, ನೀರಿಗೆ ಬಿಟ್ಟಿದ್ದಳು. ಫೋನು ಬಂದದ್ದು ಅದಕ್ಕೆ ಮೂರು ವಾರ ಹಿಂದೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಬರುವುದು ತಡವಾಗಬಹುದು, ಬಟ್ಟಲನ್ನು ದಯವಿಟ್ಟು ಇಟ್ಟಿರಿ ಎಂದು ಆ ಮನುಷ್ಯ ಕೇಳಿದ್ದ. ಆಯ್ತು, ಇಟ್ಟಿರ್ತೀನಿ ಎಂದು ಇವಳು ಹೇಳಿದ್ದಳು. ಮುಂದೆ ಚಹಾ ಇತ್ತು. ಕುಡಿದು, ಎದ್ದು, ಚೀಟಿ ಬರೆದು ಬಟ್ಟಲಿಗೆ ಕಟ್ಟೋಣ ಎಂದುಕೊಂಡಳು. ಚಹಾ ಕುಡಿದಳು. ಎದ್ದಳು. ಚೀಟಿ ಬರೆಯಲಿಲ್ಲ. ಅಂದು ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ, ತಲೆನೋವೂ ಇರಲಿಲ್ಲ. ಒಂದು ನೆಪಕ್ಕಾಗಿ ಈ ಹತ್ತು ನಿಮಿಷದಿಂದ ಆ ದಿನವನ್ನೆಲ್ಲ ತಡಕಾಡುತ್ತಿದ್ದಾಳೆ, ಸಿಗುತ್ತಿಲ್ಲ. ಸುಸ್ತಾಗಿತ್ತು, ಅಷ್ಟೆ. ಸುಸ್ತು ಯಾವತ್ತು ಇರಲಿಲ್ಲ? ಹೋದ ವರ್ಷ ಯಾರೋ ತಾಯಿಯೊಬ್ಬಳು ಅಭಿಪ್ರಾಯದ ಪೆಟ್ಟಿಗೆಯಲ್ಲಿ ಹಾಕಿದ ಚೀಟಿಯನ್ನು ಮೇಲಧಿಕಾರಿ ಸಭೆಯಲ್ಲಿ ಓದಿದ್ದಳು: ಕಾರ್ಯಕ್ರಮ ತುಂಬ ಚೆನ್ನಾಗಿದೆ, ನಡೆಸುವ ಹಿರಿಯರು ದಣಿದಂತೆ ಕಾಣುತ್ತಾರೆ. ಇವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಆ ಅಧಿಕಾರಿ ಓದಿ ನಕ್ಕು, ಹೊಗಳಿಕೆ ಎಂದೇ ತಿಳಿದುಕೊಳ್ಳಿ ಎಂದಿದ್ದಳು. ಇವಳೂ ನಕ್ಕಿದ್ದಳು. ನಕ್ಕದ್ದು ಇವತ್ತಿಗೂ ಚುಚ್ಚುತ್ತದೆ.

ಕಾವಲಿನವನು ಬಂದು ಬಾಗಿಲಲ್ಲಿ ನಿಂತ. ಎಲ್ಲರೂ ಅವನನ್ನು ಗಡಿಯಾರ ಎಂದು ಕರೆಯುವುದು. ಯಾರು ಕೇಳಲಿ ಬಿಡಲಿ, ಆಗಾಗ ಹೊತ್ತು ಹೇಳಿಕೊಂಡು ಓಡಾಡುತ್ತಾನೆ. ಇನ್ನು ಒಂದು ಗಂಟೆ ಐವತ್ತು ನಿಮಿಷ ಎಂದು ಹೇಳಿ, ಅವಳ ಮುಖ ನೋಡಿ, ಯಾಕೆ ಮೇಡಂ ಎಂದು ಕೇಳಿದ. ಅವಳು ಪಟ್ಟಿ ತೆಗೆದು ಏಳನೆಯ ಸಾಲು ತೋರಿಸಿದಳು. ಅವನು ತೋಳುದ್ದ ದೂರ ಹಿಡಿದು, ತುಟಿ ಆಡಿಸುತ್ತ ಓದಿ, ಡ್ರಮ್ಮಿನ ಕಡೆ ಒಮ್ಮೆ ನೋಡಿದ. ಅಂದು ಆ ಕೆಸರನ್ನು ಕೋಲಿನಿಂದ ಕದಡಿದವನು ಅವನೇ.

"ಇರೋದನ್ನ ಇದ್ದ ಹಾಗೆ ಹೇಳಿಬಿಡಿ," ಎಂದ.

"ಹೆಂಡತಿ ಸತ್ತವರಿಗೆ?"

"ಬೇರೆ ಯಾರಿಗೆ ಹೇಳ್ತೀರಿ ಮತ್ತೆ, ನನಗಾ? ನನ್ನವಳು ಗಟ್ಟಿಮುಟ್ಟಾಗಿದಾಳೆ, ಬೆಳಿಗ್ಗೆ ತಾನೆ ಬೈಸಿಕೊಂಡು ಬಂದೆ." ಅವಳು ನಗಲಿಲ್ಲ. ಅವನು ಪಟ್ಟಿ ಮಡಿಸಿ ಕೊಟ್ಟು, ಇನ್ನು ಒಂದು ಗಂಟೆ ನಲವತ್ತೈದು ಎಂದು ಹೇಳಿ ಮೇಲೆ ಹೋದ.

ಪ್ರತಿ ಭಾನುವಾರ ಕೋಣೆಯ ದೀಪಗಳನ್ನೆಲ್ಲ ಹಾಕಿ, ಮೇಜುಗಳ ನಡುವೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ದೇವರೇ, ಇವತ್ತು ಯಾರ ಮನಸ್ಸೂ ನೋಯದ ಹಾಗೆ ನೋಡಿಕೋ ಎಂದು ಕೇಳಿಕೊಳ್ಳುವುದು ಅವಳ ಕ್ರಮ. ಇವತ್ತೂ ನಿಂತಳು. ಕಣ್ಣು ಮುಚ್ಚಿತು, ಮಾತು ಹುಟ್ಟಲಿಲ್ಲ. ಯಾರ ಮನಸ್ಸೂ ನೋಯದ ಹಾಗೆ ಮಾಡಲು ದೇವರು ಈಗ ಏನು ತಾನೆ ಮಾಡಬೇಕು? ಕೆಸರಿನಿಂದ ಬಟ್ಟಲನ್ನು ಎತ್ತಿ ಕೊಡಬೇಕೆ? ಕಣ್ಣು ತೆರೆದಾಗ ಎದುರಿಗೆ ಹಲಗೆ ಇತ್ತು. ಹಲಗೆಯ ಮೇಲೆ ಹೋದ ವಾರ ಬಿಟ್ಟುಹೋದ ಏಳೆಂಟು ವಸ್ತುಗಳು. ಎಡಗಡೆಯಿಂದ ಮೂರನೆಯದು ಒಂದು ಬಟ್ಟಲು. ಅಂಥದೇ ಅಗಲ, ಅಂಥದೇ ಸೊಟ್ಟ ಅಂಚು, ಒಳಗೆ ಒಂದು ಸಣ್ಣ ಹೆಬ್ಬೆರಳ ಗುರುತು. ನಾಲ್ಕು ವರ್ಷದ ಮಗುವೊಂದು ಮಾಡಿದ್ದು. ಮಾಡುತ್ತ ಏನೋ ಮೀನಿನ ಕಥೆ ಹೇಳಿತ್ತು, ಅವಳು 'ಹೌದಾ?' ಎಂದಿದ್ದಳು. ಆ ಮಗುವಿನ ಮನೆಯವರು ಮುಂದೆ ಬಂದರೂ ಬಂದಾರು. ಬರದೆಯೂ ಇರಬಹುದು, ಸಾಮಾನ್ಯವಾಗಿ ಬರುವುದಿಲ್ಲ. ಮಕ್ಕಳ ಬಟ್ಟಲುಗಳೆಲ್ಲ ಒಂದೇ ಥರ ಅಲ್ಲವೇ ಎಂದು ಮೇಲಧಿಕಾರಿ ಒಮ್ಮೆ ಕೇಳಿದ್ದಾಗ ಇವಳು ಸಿಟ್ಟಾಗಿ ಎರಡು ದಿನ ಮಾತು ಬಿಟ್ಟಿದ್ದಳು.

ಬಟ್ಟಲನ್ನು ಅದು ಕೂತಿದ್ದ ಪುಟ್ಟ ಮಣೆಯ ಸಮೇತ ಎತ್ತಿ ತೊಟ್ಟಿಯ ಪಕ್ಕಕ್ಕೆ ತಂದಳು. ಮಗುವಿನ ಹೆಸರಿನ ಚೀಟಿಯನ್ನು ಮಣೆಯಿಂದ ಬಿಡಿಸಿ ಡ್ರಾಯರಿಗೆ ಹಾಕಿದಳು. ಹಳೆಯ ಬನಿಯನ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಳಗೋಡೆಯ ಒಂದು ಭಾಗಕ್ಕೆ ಮಾತ್ರ ಹೊದಿಸಿದಳು. ನೀರು ಹೆಚ್ಚಾದರೆ ಬಟ್ಟಲು ಕುಸಿಯುತ್ತದೆ, ಕಡಿಮೆಯಾದರೆ ಒತ್ತಿದಾಗ ಬಿರಿಯುತ್ತದೆ. ಐದೈದು ನಿಮಿಷಕ್ಕೆ ಬಟ್ಟೆ ತೆಗೆದು, ಬೆರಳ ತುದಿಯಿಂದ ಮುಟ್ಟಿ ನೋಡಿ, ಮತ್ತೆ ಹೊದಿಸಿದಳು. ಇಷ್ಟು ಜತನದಿಂದ ಯಾವ ಮಗುವಿನ ಕೆಲಸವನ್ನೂ ಅವಳು ನೋಡಿಕೊಂಡಿರಲಿಲ್ಲ. ಕೈಗಳು ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದರೆ ಮನಸ್ಸು ಮನೆಯ ಅಡಿಗೆಮನೆಯಲ್ಲಿತ್ತು. ಅಲ್ಲಿ ಡಬ್ಬಿಗಳಿಗೆಲ್ಲ ಗಂಡನ ಕೈಬರಹದ ಚೀಟಿಗಳು. ಉಪ್ಪು, ಸಕ್ಕರೆ, ಅಕ್ಕಿಹಿಟ್ಟು. ನೋಡಿದರೇ ತಿಳಿಯುವ ಚಮಚಗಳ ಡಬ್ಬಿಗೂ 'ಚಮಚ' ಎಂದು ಬರೆದು ಅಂಟಿಸಿದ್ದರು. ನಾವೇನು ಕುರುಡರೇ ಎಂದು ಅವಳು ಗೇಲಿ ಮಾಡಿದರೆ, ನೋಡೋದು ಕಲಿಸೋಳು ನೀನು, ನಾನು ಓದೋನು ಎನ್ನುತ್ತಿದ್ದರು. ಅವರು ಹೋಗಿ ಮೂರು ವರ್ಷ. ಹೋದ ವರ್ಷ ಒದ್ದೆ ಕೈಯಲ್ಲಿ ಡಬ್ಬಿ ಒರೆಸುವಾಗ ಉಪ್ಪಿನ ಚೀಟಿ ಅಳಿಸಿಹೋಯಿತು. ಜೊತೆಗಿರುವ ತಂಗಿಗೆ ಗೊತ್ತಾಗದಂತೆ, ಅವರ ಅಕ್ಷರವನ್ನೇ ಮಗ್ಗುಲಲ್ಲಿಟ್ಟುಕೊಂಡು, ಅದೇ ಪೆನ್ನಿನಲ್ಲಿ, ಅವರ ಹಾಗೆಯೇ ಒತ್ತಕ್ಷರವನ್ನು ತುಸು ಕೆಳಗೆ ಇಳಿಬಿಟ್ಟು ಬರೆದಳು. ಎಷ್ಟು ಚೆನ್ನಾಗಿ ಕೂತಿತೆಂದರೆ, ಆಮೇಲೆ ಇನ್ನೂ ಎರಡು ಮಾಸಿದ್ದನ್ನೂ ಬರೆದಳು. ಈಗ ಒಲೆಯ ಮುಂದೆ ನಿಂತು ನೋಡಿದರೆ ಯಾವುದು ಅವರದು ಯಾವುದು ತನ್ನದು ಎಂದು ಅವಳಿಗೇ ತಿಳಿಯುವುದಿಲ್ಲ. ಒಂದು ಕಳೆದುಹೋಗಿತ್ತು, ಅದನ್ನು ಮುಚ್ಚಿಡಲು ಹೋಗಿ ಎಲ್ಲವನ್ನೂ ಕಳೆದುಕೊಂಡಳು. ಮಣ್ಣು ಮೆತ್ತಗಾಗಿತ್ತು. ಸಣ್ಣ ಗುರುತಿನ ಪಕ್ಕದಲ್ಲಿ ತನ್ನ ಬಲಗೈ ಹೆಬ್ಬೆರಳನ್ನು ಇಟ್ಟು, ಉಸಿರು ಬಿಗಿಹಿಡಿದು ಒತ್ತಿದಳು. ಬಿರಿಯಲಿಲ್ಲ. ಮಣೆಯನ್ನು ಫ್ಯಾನಿನ ಮುಂದೆ ಇಟ್ಟು, ಬಂದು ಕುರ್ಚಿಯಲ್ಲಿ ಕುಳಿತು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಮತ್ತೆ ಮತ್ತೆ ಒರೆಸಿಕೊಂಡಳು.

ಅವರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮೇಲಿನ ಹಜಾರದಲ್ಲಿ ಉಳಿದ ಮನೆಯವರೆಲ್ಲ ಮಕ್ಕಳ ಹಿಂದೆ ಓಡುತ್ತಿದ್ದರೆ, ಅಪ್ಪ ಮಗಳು ಮಾತ್ರ ಯಾವುದೋ ಕಚೇರಿಗೆ ಬಂದವರಂತೆ ಗೋಡೆಗೆ ಒತ್ತಿ ನಿಂತಿದ್ದರು. ಅವನ ಅಂಗಿಯ ಕಾಲರು ಒಂದು ಕಡೆ ಒಳಗೆ ಮಡಿಸಿಕೊಂಡಿತ್ತು. ಮಗಳ ಜಡೆಯನ್ನು ಅವನೇ ಹೆಣೆದಿರಬೇಕು, ಬಿಗಿಯಾಗಿ ಶುರುವಾಗಿ ಅರ್ಧದಲ್ಲಿ ಕೈಸೋತಿತ್ತು. ಅವನು ಮುಂದೆ ಬಂದು ಕೈಮುಗಿದ. ಬಟ್ಟಲಿನ ವಿಷಯ ಬರೆದಿದ್ದೆ ಎಂದ. ನೋಡಿದೆ, ಕೆಳಗಿದೆ, ಆಮೇಲೆ ಕೊಡ್ತೀನಿ ಎಂದಳು. ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಹುಡುಗಿ ಅವಳ ಕೈಗಳನ್ನು ನೋಡುತ್ತಿದ್ದಳು.

ಎಲ್ಲರನ್ನೂ ಕರೆದುಕೊಂಡು ಹೋಗಿ ಒಂದೇ ಒಂದು ಚಿತ್ರದ ಮುಂದೆ ನೆಲದ ಮೇಲೆ ಕೂರಿಸುವುದು ಅವಳ ರೀತಿ. ಚಿತ್ರದ ಹೆಸರು ಹೇಳುವುದಿಲ್ಲ, ಬರೆದವರು ಯಾರೆಂದು ಹೇಳುವುದಿಲ್ಲ. ಏನು ಕಾಣಿಸುತ್ತೆ ಎಂದು ಕೇಳುವುದು. ಮಗು ಏನು ಹೇಳಿದರೂ 'ಹೌದಾ? ಎಲ್ಲಿ ಕಾಣಿಸ್ತು, ತೋರಿಸು' ಎನ್ನುವುದು. 'ಅಲ್ಲ' ಎನ್ನುವ ಮಾತು ಈ ಕೆಲಸದಲ್ಲಿ ನಿಷಿದ್ಧ. ಹೊಸದಾಗಿ ಸೇರಿದವರಿಗೆಲ್ಲ ಅವಳೇ ಕಲಿಸಿಕೊಟ್ಟ ಮೊದಲ ಪಾಠ ಅದು: ಇಲ್ಲಿ ತಪ್ಪು ಉತ್ತರವೇ ಇಲ್ಲ. ಇಂದಿನ ಚಿತ್ರದಲ್ಲಿ ಒಬ್ಬ ಹೆಂಗಸು ಕಿಟಕಿಯ ಕಡೆ ತಿರುಗಿ ನಿಂತಿದ್ದಾಳೆ. ಅವಳ ಬೆನ್ನು, ಕುತ್ತಿಗೆ, ಮೇಜಿನ ಮೇಲೆ ಒಂದು ಹೂಜಿ, ಅಷ್ಟೇ. ತಿಂಗಳ ಹಿಂದೆಯೇ ಗೊತ್ತು ಮಾಡಿದ್ದ ಚಿತ್ರ. ಅದನ್ನು ಇವತ್ತು ಬದಲಾಯಿಸಬಹುದಿತ್ತು ಎಂದು ಹೊಳೆದದ್ದು ಎಲ್ಲರೂ ಕುಳಿತ ಮೇಲೆ. ಒಂದು ಮಗು ಹೂಜಿಯಲ್ಲಿ ಹಾವಿದೆ ಎಂದಿತು. ಹೌದಾ, ಎಲ್ಲಿ, ತೋರಿಸು. ಒಬ್ಬ ತಂದೆ ಮೊಬೈಲಿನಲ್ಲಿ ಹುಡುಕಿ ಚಿತ್ರ ಯಾವ ವರ್ಷದ್ದೆಂದು ಗಟ್ಟಿಯಾಗಿ ಓದಿದ. ಅವಳು ಅವನಿಗೂ ಹೌದಾ ಎಂದಳು. ಮುಂದಿನ ಸಾಲಿನ ಹಲ್ಲು ಬಿದ್ದ ಹುಡುಗ, ಮಣ್ಣಕ್ಕ, ನೀವು ಇಲ್ಲೇ ಕೆಲಸ ಮಾಡೋರಲ್ವಾ, ನಿಮಗೆ ಗೊತ್ತಿಲ್ಲದೆ ನಮ್ಮನ್ನ ಯಾಕೆ ಕೇಳ್ತೀರಿ ಎಂದು ಕೇಳಿ ಎಲ್ಲರನ್ನೂ ನಗಿಸಿದ. ಮಕ್ಕಳು ಅವಳಿಗೆ ಇಟ್ಟ ಹೆಸರು ಮಣ್ಣಕ್ಕ. ಅವಳು ನಗುತ್ತ, ಬಟ್ಟಲು ಮಾಡಿದ ತಾಯಿಯ ಮುಖವನ್ನು ನೆನಪು ಮಾಡಿಕೊಳ್ಳಲು ನೋಡುತ್ತಿದ್ದಳು. ಐದು ತಿಂಗಳ ಹಿಂದೆ ಇದೇ ನೆಲದ ಮೇಲೆ ಕುಳಿತಿದ್ದವಳು. ಉದ್ದವೋ ಗಿಡ್ಡವೋ, ಕನ್ನಡಕ ಇತ್ತೋ ಇಲ್ಲವೋ, ಏನೂ ಬರಲಿಲ್ಲ. ಚಿತ್ರದ ಹೆಂಗಸಿನ ಬೆನ್ನೇ ಬಂದು ನಿಲ್ಲುತ್ತಿತ್ತು.

ಹೇಳಮ್ಮ, ನಿನಗೇನು ಕಾಣುತ್ತೆ ಹೇಳು ಎಂದು ಅಪ್ಪ ಮಗಳ ಬೆನ್ನು ತಟ್ಟುತ್ತಿದ್ದ. ಹುಡುಗಿ ಚಿತ್ರವನ್ನೇ ನೋಡುತ್ತ, "ಅವರು ನಮ್ಮ ಮೇಲೆ ಸಿಟ್ಟಾಗಿ ಆ ಕಡೆ ತಿರುಗಿಲ್ಲ. ಯಾರೋ ಕರೆದಿದಾರೆ, ಅದಕ್ಕೆ," ಎಂದಳು.

ಹೌದಾ, ಎಲ್ಲಿ ಕಾಣಿಸ್ತು, ತೋರಿಸು ಎನ್ನಬೇಕಿತ್ತು. ಅವಳು ಬಾಟಲಿ ಎತ್ತಿಕೊಂಡಳು. ನೀರು ಕುಡಿಯುವ ನೆಪದಲ್ಲಿ ಮಗ್ಗುಲಿಗೆ ತಿರುಗಿದಳು. ಗಡಿಯಾರ ದೂರದ ಬಾಗಿಲಿನಿಂದ ಕೆಳಗೆ ಹೋಗುವ ಹೊತ್ತಾಯಿತೆಂದು ಕೈಸನ್ನೆ ಮಾಡಿದ.

ಕೆಳಗಿನ ಕೋಣೆಯಲ್ಲಿ ಹತ್ತೊಂಬತ್ತು ಮಕ್ಕಳ ಕೈಗೂ ಒಂದೊಂದು ಮುದ್ದೆ ಮಣ್ಣು ಸಿಕ್ಕಿ ಗದ್ದಲ ಒಂದು ಹದಕ್ಕೆ ಬಂದ ಮೇಲೆ ಅವಳು ಮಣೆಯನ್ನು ತಂದು, ಕೊನೆಯ ಮೇಜಿನಲ್ಲಿ ಕುಳಿತಿದ್ದ ಅಪ್ಪ ಮಗಳ ಮುಂದೆ ಇಟ್ಟಳು. ಹೊದಿಸಿದ್ದ ಕಾಗದ ತೆಗೆದಳು. ಅವನು ತಕ್ಷಣ ಮುಟ್ಟಲಿಲ್ಲ. ಒಳಗೋಡೆಯ ದೊಡ್ಡ ಗುರುತನ್ನು ನೋಡಿದ. ಒಂದು ಬೆರಳಿನಿಂದ, ಮಲಗಿದ ಮಗುವಿನ ಕೆನ್ನೆ ಮುಟ್ಟಿದಂತೆ, ಅದನ್ನು ಮುಟ್ಟಿದ. ಅವಳ ಬಲಗೈ ಹೆಬ್ಬೆರಳು ಏಪ್ರನ್ನಿನ ಜೇಬಿನೊಳಗೆ ತಾನಾಗಿಯೇ ಮಡಿಸಿಕೊಂಡಿತು.

ಇದೇ ಅಲ್ವೇನಮ್ಮ ಎಂದು ಅವನು ಮಗಳನ್ನು ಕೇಳಿದ. ಹುಡುಗಿ ತನ್ನ ಬಲಗೈ ಹೆಬ್ಬೆರಳನ್ನು ಸಣ್ಣ ಗುರುತಿನಲ್ಲಿ ಇಟ್ಟಳು. ತೆಗೆದು ದೊಡ್ಡದರಲ್ಲಿ ಇಟ್ಟಳು. ಆಮೇಲೆ ಎಡಗೈ ಹೆಬ್ಬೆರಳನ್ನು ಅದರಲ್ಲೇ ಇಡಲು ನೋಡಿದಳು, ಅದು ಓರೆಯಾಯಿತು. ತಲೆಯೆತ್ತಿ ಇವಳನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ಹೂಂ ಅಪ್ಪ. ಇದೇ."

ಅವನು ಎದ್ದು ಮುಖ ತೊಳೆಯಲು ತೊಟ್ಟಿಯ ಕಡೆ ಹೋದ. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಹುಡುಗಿ ಮುಂದಿದ್ದ ಮಣ್ಣನ್ನು ಉರುಟು ಮಾಡುತ್ತ, ಮುಖ ಎತ್ತದೆ, ಪಕ್ಕದ ಮೇಜಿಗೆ ಕೇಳದಂತೆ ಹೇಳಿದಳು.

"ಅಮ್ಮಂದು ಎಡಗೈ. ಊಟ ಒಂದು ಬಿಟ್ಟು ಎಲ್ಲಾ ಎಡಗೈಲೇ. ಇದು ಬಲಗೈದು." ಮಣ್ಣು ಇನ್ನೊಂದು ಸುತ್ತು ಉರುಳಿತು. "ಅಪ್ಪಂಗೆ ಹೇಳ್ಬೇಡಿ."

ಈಗ ಇವಳಿಗೆ ಆ ಮೊದಲಿನ ಬಟ್ಟಲು ಕಂಡಿತು. ನೀರಿಗೆ ಬಿಡುವ ಮುಂಚೆ ಕಂಡದ್ದಕ್ಕಿಂತ ಚೆನ್ನಾಗಿ ಕಂಡಿತು. ಎರಡು ಗುರುತುಗಳು ಒಂದರ ಕಡೆ ಒಂದು ವಾಲಿಕೊಂಡದ್ದು ಏಕೆಂದರೆ ಒಂದು ಎಡಗೈ, ಒಂದು ಬಲಗೈ. ಅಕ್ಕಪಕ್ಕ ಕುಳಿತು ಒಂದೇ ಬಟ್ಟಲನ್ನು ಹಿಡಿದವರದು. ಇಲ್ಲಿ ಎರಡೂ ಒಂದೇ ಕಡೆಗೆ, ಸಾಲಿನಲ್ಲಿ ನಿಂತ ಅಪರಿಚಿತರಂತೆ ವಾಲಿವೆ. ಇಪ್ಪತ್ತೆರಡು ವರ್ಷ ನೋಡುವುದನ್ನು ಕಲಿಸಿದವಳು ನೋಡದೆ ಹೋದದ್ದನ್ನು ಒಂಬತ್ತು ವರ್ಷದ್ದು ಎರಡು ಬೆರಳಿಟ್ಟು ಓದಿತು. ಓದಿ, ತಪ್ಪು ಉತ್ತರವನ್ನು ತಪ್ಪು ಎನ್ನದೆ, 'ಇದೇ' ಎಂದಿತು. ಅವಳ ಪಾಠವನ್ನು ಅವಳಿಗೇ ಒಪ್ಪಿಸಿದಂತಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಬಂದ. ಮುಖದಲ್ಲಿ ಸ್ವಲ್ಪ ಬೆಳಕು ಬಂದಿತ್ತು. ಇನ್ನೊಂದು ಇದೆ ಮೇಡಂ, ಅದಕ್ಕೇ ಇಷ್ಟು ಒದ್ದಾಡಿ ಬಂದದ್ದು ಎಂದು ಹೇಳಿದ. ಹೆಂಡತಿ ಬಟ್ಟಲಿನ ತಳದಲ್ಲಿ ಏನೋ ಬರೆದಿದ್ದಳಂತೆ. ಏನೆಂದು ಮಗಳು ಎಷ್ಟು ಕೇಳಿದರೂ, ಒಣಗಿದ ಮೇಲೆ ನೋಡು ಎಂದು ಹೇಳಿ ಸತಾಯಿಸಿದ್ದಳಂತೆ. ಆಸ್ಪತ್ರೆಯಲ್ಲಿ ಇವನು ಕೇಳಿದಾಗಲೂ ಅಷ್ಟೇ, ನಕ್ಕು, ಮಗಳನ್ನ ಕರಕೊಂಡು ಹೋಗಿ ನೋಡಿ ಎಂದಿದ್ದಳು. ಹೇಳುತ್ತಲೇ ಅವನು ಬಟ್ಟಲನ್ನು ಎರಡು ಕೈಯಲ್ಲೂ ಎತ್ತಿ ಮಗುಚಿದ.

ಹುಡುಗಿಯ ಕೈ ಮಣ್ಣಿನ ಮೇಲೆ ನಿಂತಿತು. ಇವಳಿಗೆ ಬೆಳಗಿನದು ನೆನಪಾಯಿತು. ಮಣೆಯ ಸಮೇತ ಎತ್ತಿ ತಂದಿದ್ದಳು, ಮಣೆಯ ಸಮೇತ ಫ್ಯಾನಿನ ಮುಂದಿಟ್ಟಿದ್ದಳು. ಇದನ್ನೂ ಮಗುಚಿ ನೋಡಿರಲಿಲ್ಲ.

ತಳದಲ್ಲಿ ಒಂದು ಮೀನಿತ್ತು. ಕಡ್ಡಿಯಿಂದ ಗೀಚಿದ ಹೊಟ್ಟೆ, ಬಾಲ, ಒಂದು ದೊಡ್ಡ ಕಣ್ಣು. ನಾಲ್ಕು ವರ್ಷದ ಆ ಮಗು ಏನು ಹೇಳಿತ್ತೆಂದು ಅವಳಿಗೆ ಅಕ್ಷರಶಃ ನೆನಪಾಯಿತು: ನನ್ನ ಮೀನು ಕೆಳಗಡೆ ಮಲಗಿದೆ, ಎಬ್ಬಿಸಬೇಡಿ. ಹೌದಾ, ಎಲ್ಲಿ, ತೋರಿಸು ಎಂದು ಹೇಳಿ, ತೋರಿಸುವ ಮೊದಲೇ ಮುಂದಿನ ಮೇಜಿಗೆ ಹೋಗಿದ್ದಳು.

"ಮೀನು," ಎಂದ ಅವನು. ಮೀನನ್ನು ನೋಡಿದ, ಮಗಳನ್ನು ನೋಡಿದ. ನಿಧಾನವಾಗಿ ಅವನ ಹೆಗಲುಗಳು ಕುಲುಕತೊಡಗಿದವು. ನಗುತ್ತಿದ್ದಾನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅವಳಿಗೆ ಈಜು ಬರ್ತಿರಲಿಲ್ಲ ಮೇಡಂ. ಮದುವೆಯಾದ ವರ್ಷ ನಾನು ಕಲಿಸ್ತೀನಿ ಅಂದಿದ್ದೆ. ಇವತ್ತು ನಾಳೆ ಅಂತ ಹನ್ನೆರಡು ವರ್ಷ ತಳ್ಳಿದೆ. ನೋಡಿ, ಹೆಂಗೆ ಹಂಗಿಸಿದಾಳೆ ನನ್ನ." ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ನೋಡೇ, ನಿಮ್ಮಮ್ಮ ಎಂಥ ಕಿಲಾಡಿ ಎಂದು ಮಗಳ ಕಡೆ ಹಿಡಿದ.

ಹುಡುಗಿ ಹೂಂ ಅಪ್ಪ ಎಂದಳು. ಆ ಎರಡನೆಯ ಹೂಂ ಮೊದಲಿನದರಂತೆ ಬರಲಿಲ್ಲ. ಹೊರೆ ಹೊತ್ತವರು ಹೆಗಲು ಬದಲಾಯಿಸುವಾಗ ಬಿಡುವ ಉಸಿರಿನಂತೆ ಬಂತು. ಇನ್ನು ಈ ಬಟ್ಟಲು ಅವರ ಮನೆಯಲ್ಲಿ ಎಲ್ಲಿ ಕೂರುತ್ತದೆಂದು ಇವಳಿಗೆ ಕಂಡಿತು. ಕಣ್ಣಿಗೆ ಬೀಳುವ ಕಡೆ, ಧೂಳು ಒರೆಸುವ ಕಡೆ. ಬಂದವರಿಗೆಲ್ಲ ಅವನು ಮಗುಚಿ ಮೀನು ತೋರಿಸುತ್ತಾನೆ, ಈಜಿನ ಕಥೆ ಹೇಳುತ್ತಾನೆ. ಪ್ರತಿಸಲವೂ ಈ ಮಗು ಪಕ್ಕದಲ್ಲಿ ನಿಂತು ಹೂಂ ಎನ್ನಬೇಕು. ಹತ್ತು ವರ್ಷ, ಇಪ್ಪತ್ತು ವರ್ಷ. ತಾಯಿಯ ಕೈ ಎಡಗೈಯೋ ಬಲಗೈಯೋ ಎಂದು ಅದಕ್ಕೇ ಒಂದು ದಿನ ಅನುಮಾನ ಬರುವವರೆಗೆ. ಒಲೆಯ ಮುಂದೆ ನಿಂತು ಡಬ್ಬಿಗಳನ್ನು ನೋಡುವಾಗ ತನಗೆ ಬರುವ ಹಾಗೆ. ಹೇಳಬೇಡಿ ಎಂದು ಮಗು ಬೇಡಿಕೊಂಡಿದೆ. ಹೇಳದಿದ್ದರೆ ಮೂರು ಜನಕ್ಕೂ ಈ ಕ್ಷಣಕ್ಕೆ ಸುಖ. ದೇವರೇ, ಯಾರ ಮನಸ್ಸೂ ನೋಯದ ಹಾಗೆ, ಎಂದು ಇಷ್ಟು ವರ್ಷ ಕೇಳಿಕೊಂಡದ್ದು ದೇವರಿಗೆ ಎಂಥ ಬೇಡಿಕೆಯಾಗಿ ಕೇಳಿಸಿರಬೇಕು.

"ಅಲ್ಲ," ಎಂದಳು.

ಆ ಕೋಣೆಯಲ್ಲಿ ಆ ಮಾತು ವಿಚಿತ್ರವಾಗಿ ಕೇಳಿಸಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಇದು ನಿಮ್ಮದಲ್ಲ. ಆ ಗುರುತು ನನ್ನ ಬೆರಳಿಂದು, ಬೆಳಿಗ್ಗೆ ಒತ್ತಿದ್ದು. ಮೀನು ಬೇರೆ ಮಗು ಬರೆದದ್ದು. ನಿಮ್ಮ ಬಟ್ಟಲನ್ನ ನಾನು ನೀರಿಗೆ ಹಾಕಿಬಿಟ್ಟೆ. ಚೀಟಿ ಬರೀಬೇಕಿತ್ತು, ಬರೀಲಿಲ್ಲ."

ಹುಡುಗಿ ಅವಳನ್ನು ನೋಡಿದ ನೋಟ ಅವಳು ಸಾಯುವವರೆಗೆ ಮರೆಯುವಂಥದ್ದಲ್ಲ. ಹೇಳ್ಬೇಡಿ ಅಂದಿದ್ನಲ್ಲ ಎಂದು ಹಲ್ಲು ಕಚ್ಚಿ ಹೇಳಿದಳು. ಅವನು ಬಟ್ಟಲನ್ನು ಮಣೆಯ ಮೇಲೆ ಮೆಲ್ಲಗೆ ಇಟ್ಟ, ಒಡೆದೀತೆಂದು ಹೆದರಿದವನಂತೆ. ಮಕ್ಕಳ ಗಿಡ್ಡ ಸ್ಟೂಲಿನ ಮೇಲೆ ಕುಸಿದು ಕುಳಿತ. ಮಂಡಿಗಳು ಎದೆಯವರೆಗೆ ಬಂದವು. ನಮ್ಮದು ಎಲ್ಲಿ ಎಂದು ಕೇಳಿದ. ಅವಳು ಮೂಲೆಯ ನೀಲಿ ಡ್ರಮ್ಮನ್ನು ತೋರಿಸಿದಳು. ಅವನು ಎದ್ದುಹೋಗಿ ಮುಚ್ಚಳ ತೆರೆದು ಒಳಗೆ ನೋಡಿದ. ಏನಿದೆ ಅಲ್ಲಿ ನೋಡಲು? ಬೂದು ನೀರು. ಮುಚ್ಚಿ, ಬಂದು ಮತ್ತೆ ಕುಳಿತ. ಆ ಮಣ್ಣು ಎಲ್ಲೂ ಹೋಗಿಲ್ಲ, ಈಗ ಈ ಮಕ್ಕಳೆಲ್ಲರ ಕೈಯಲ್ಲಿ ಇದೆ ಎಂಬ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಭಿಪ್ರಾಯದ ಪೆಟ್ಟಿಗೆಯಲ್ಲಿ ಹಾಕುವಂಥ ಮಾತು. ನುಂಗಿಕೊಂಡಳು.

ತಳದಲ್ಲಿ ಏನು ಬರೆದಿತ್ತು ಎಂದು ಅವನು ಕೇಳಿದ.

"ನೋಡಲಿಲ್ಲ. ಒಳಗೆ ನೋಡಿದೆ. ಮಗುಚಿ ನೋಡಲಿಲ್ಲ."

ಅವನು ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಕೂರಲು ಒಂದು ಜಾಗ ಸಿಗುತ್ತಿತ್ತು. "ನೀವು ಹೇಳದೇ ಇದ್ದಿದ್ರೆ ನಾನು ನೆಮ್ಮದಿಯಾಗಿ ಮನೆಗೆ ಹೋಗ್ತಿದ್ದೆ," ಎಂದ. ಮಗಳ ಕಡೆ ತಿರುಗಿ, ನಿನಗೆ ಮೊದಲೇ ಗೊತ್ತಾಗಿತ್ತಾ ಎಂದು ಕೇಳಿದ. ಹುಡುಗಿಯ ಕೆಳತುಟಿ ಮುಂದೆ ಬಂತು, ಮುಖ ಮುದುಡಿತು, ಇಷ್ಟು ದಿನ ತಡೆದಿಟ್ಟದ್ದೆಲ್ಲ ಸದ್ದು ಮಾಡಿ ಹೊರಗೆ ಬಂತು. ಅವನು ಅವಳನ್ನು ಎಳೆದು ಮಂಡಿಗಳ ನಡುವೆ ಹಿಡಿದುಕೊಂಡ. ಮಣ್ಣಿನ ಕೈಗಳು ಅವನ ಅಂಗಿಯ ಬೆನ್ನನ್ನೆಲ್ಲ ಮೆತ್ತಿದವು. ಉಳಿದ ಮನೆಯವರು ಮಕ್ಕಳ ಕೈ ತೊಳೆಸಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಗಡಿಯಾರ ಬಾಗಿಲಿಗೆ ಬಂದ, ಒಳಗೆ ನೋಡಿದ, ಹೊತ್ತು ಎಷ್ಟೆಂದು ಹೇಳದೆ ಹಿಂದಕ್ಕೆ ಹೋದ.

ಆಮೇಲೆ ಅವನು ಕೇಳಿದ್ದಕ್ಕೆ, ಒಳಗೆ ಏನು ಕಂಡಿತೋ ಅದನ್ನು ಅವಳು ಹೇಳಿದಳು. ನಿಂತೇ ಹೇಳಿದಳು. ಅಂಚು ಒಂದು ಕಡೆ ತೆಳ್ಳಗೆ ಇತ್ತು, ಅಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಎರಡು ಗುರುತುಗಳು ಒಂದರ ಕಡೆ ಒಂದು ವಾಲಿದ್ದವು. ದೊಡ್ಡದರ ತುದಿಯಲ್ಲಿ ಉಗುರಿನ ಗೆರೆ ಇತ್ತು, ಸಣ್ಣದರಲ್ಲಿ ಇರಲಿಲ್ಲ. ಹುಡುಗಿ ಅಪ್ಪನ ಭುಜದ ಮೇಲಿಂದ ಮೂಗು ಒರೆಸಿಕೊಳ್ಳುತ್ತ, ಬಿರುಕು ಇರಲಿಲ್ಲ ಎಂದಳು. ಒಣಗುವಾಗ ಬಂದಿರಬಹುದು ಎಂದು ಇವಳು ಹೇಳಿದಳು. ಹುಡುಗಿ ಯೋಚಿಸಿ, ಸರಿ ಎನ್ನುವಂತೆ ತಲೆಯಾಡಿಸಿದಳು. ಹೇಳಲು ಇದ್ದದ್ದು ಅಷ್ಟೇ, ಎರಡು ನಿಮಿಷದಲ್ಲಿ ಮುಗಿಯಿತು. ಮತ್ತೆ ಎಂದು ಅವನು ಕೇಳಿದ. ಮತ್ತೇನೂ ಇರಲಿಲ್ಲ.

ಹೊರಡುವುದಕ್ಕೆ ಅವನು ಎದ್ದಾಗ ಹುಡುಗಿ ಏಳಲಿಲ್ಲ. ಮುಂದಿದ್ದ ಉಂಡೆಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ನಡುವೆ ಒತ್ತಿದಳು. ಅವಸರವಿಲ್ಲದೆ ಗೋಡೆ ಎಬ್ಬಿಸಿದಳು. ಅಪ್ಪನ ಕೈ ಹಿಡಿದೆಳೆದು ಅವನ ಹೆಬ್ಬೆರಳನ್ನೂ ಒಂ‍ದು ಕಡೆ ಒತ್ತಿಸಿದಳು. ಆಮೇಲೆ ಇಬ್ಬರಿಗೂ ಬೆನ್ನು ಹಾಕಿ ಕುಳಿತು, ಬ್ರಷ್ಷಿನ ಹಿಡಿಯಿಂದ ತಳದಲ್ಲಿ ಬಹಳ ಹೊತ್ತು ಏನೋ ಗೀಚಿದಳು. ಬಟ್ಟಲನ್ನು ತಾನೇ ಒಯ್ದು ಹಲಗೆಯ ಮೇಲೆ, ತಳ ಕೆಳಗಾಗಿ, ಇಟ್ಟಳು.

"ಮುಂದಿನ ಭಾನುವಾರ ಬರ್ತೀವಿ," ಎಂದಳು. ಬಾಗಿಲವರೆಗೆ ಹೋಗಿ ತಿರುಗಿದಳು. ಮುಖದಲ್ಲಿ ಸಿಟ್ಟು ಹಾಗೆಯೇ ಇತ್ತು. "ತಳದಲ್ಲಿ ನಿಮಗೆ ಬರೆದಿದೀನಿ. ಒಣಗಿದ ಮೇಲೆ ನೋಡಿ."

ಅವರು ಹೋದ ಮೇಲೆ ಅವಳು ಮೇಜುಗಳನ್ನು ಒರೆಸಿದಳು. ಮೀನಿನ ಬಟ್ಟಲನ್ನು ಅದರ ಜಾಗಕ್ಕೆ ಇಟ್ಟು, ಡ್ರಾಯರಿನಿಂದ ಹೆಸರಿನ ಚೀಟಿ ತೆಗೆದು ಮತ್ತೆ ಅಂಟಿಸಿದಳು. ಒಳಗೋಡೆಯಲ್ಲಿ ತನ್ನ ಹೆಬ್ಬೆರಳು ಇತ್ತು, ಅದನ್ನು ಅಳಿಸುವುದು ಸಾಧ್ಯವಿರಲಿಲ್ಲ; ಆ ಮನೆಗೆ ನಾಳೆ ತಾನೇ ಫೋನು ಮಾಡಬೇಕು. ಗಡಿಯಾರ ಚಹಾ ತಂದಿಟ್ಟು ಹೋದ. ಲೋಟದಿಂದ ಹಬೆ ಏಳುತ್ತಿತ್ತು. ಕಾಲುಗಳು ಬಿದ್ದುಹೋಗುತ್ತಿದ್ದವು, ಕುಳಿತುಬಿಟ್ಟರೆ ಏಳುವುದು ಕಷ್ಟ ಎಂದು ಗೊತ್ತಿತ್ತು. ನಿಂತೇ ಒಂದು ಚೀಟಿ ಹರಿದು, ಯಾರ ಅಕ್ಷರದ ಹಾಗೂ ಅಲ್ಲದ ತನ್ನ ಸೊಟ್ಟ ಅಕ್ಷರದಲ್ಲಿ 'ನೀರಿಗೆ ಹಾಕಬಾರದು' ಎಂದು ಬರೆದು, ದಾರ ಕಟ್ಟಿ ಹುಡುಗಿಯ ಹೊಸ ಬಟ್ಟಲಿನ ಮುಂದೆ ಇಟ್ಟಳು. ಹಸಿಮಣ್ಣು ದೀಪದಲ್ಲಿ ಹೊಳೆಯುತ್ತಿತ್ತು. ಈಗಲೇ ಎತ್ತಿ ನೋಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಒಣಗಲು ಐದು ದಿನ ಬೇಕು, ಮೋಡ ಕವಿದರೆ ಏಳು. ಅವಳು ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಅದರ ಮುಂದೆ ನಿಂತಳು. ಹಿಂದೆ ಚಹಾ ಆರುತ್ತಿತ್ತು.